ಬಣವೆ ತೂಗಿದ ವರ್ಷ

ಬಣವೆಯಲ್ಲಿ ಎಷ್ಟು ಮೇವಿದೆ ಎಂದು ಕೇಳಿದರೆ ನಮ್ಮ ಕಡೆಯ ರೈತರು ಕಿಲೋ ಲೆಕ್ಕದಲ್ಲಿ ಉತ್ತರಿಸುವುದಿಲ್ಲ. ‘ಯುಗಾದಿವರೆಗೆ ಬರ್ತದೆ’, ‘ಶಿವರಾತ್ರಿ ದಾಟ್ತದೆ’ ಎಂದು ಹಬ್ಬಗಳ ಲೆಕ್ಕದಲ್ಲಿ ಹೇಳುತ್ತಾರೆ. ಒಳ್ಳೆಯ ವರ್ಷಗಳಲ್ಲಿ ಈ ಅಂದಾಜು ಹೆಚ್ಚು ತಪ್ಪುವುದೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಒಂದು ಹೋಬಳಿಯಲ್ಲಿ ಪಶುವೈದ್ಯನಾಗಿದ್ದ ನಾನು 2023ರ ಬರದ ವರ್ಷದಲ್ಲಿ ಮೊದಲು ಮಾಡಿದ ಕೆಲಸವೆಂದರೆ, ಔಷಧದ ಪೆಟ್ಟಿಗೆಯ ಜೊತೆಗೆ ಒಂದು ತೂಗುತಕ್ಕಡಿಯನ್ನೂ ಬೈಕಿನ ಹಿಂದೆ ಕಟ್ಟಿಕೊಂಡು ಮನೆಮನೆಗೆ ಹೋಗಿದ್ದು.

ಆ ವರ್ಷ ಆಗಸ್ಟಿನಲ್ಲಿ ಆಶ್ಲೇಷ, ಮಘೆ ಎರಡೂ ಮಳೆಗಳು ಕೈಕೊಟ್ಟವು. ದೇಶದಲ್ಲಿ 1901ರಿಂದ ದಾಖಲಾದ ಆಗಸ್ಟ್ ತಿಂಗಳುಗಳಲ್ಲೇ ಅದು ಅತ್ಯಂತ ಒಣ ತಿಂಗಳು ಎಂಬುದು ನಮಗೆ ಆಮೇಲೆ ತಿಳಿಯಿತು. ಆದರೆ ಶೇಂಗಾ ಹೊಲದಲ್ಲಿ ಹೂವಿನಿಂದ ಇಳಿದು ನೆಲದೊಳಗೆ ಕಾಯಿಯಾಗಬೇಕಾದ ಊಡು ಗಟ್ಟಿ ನೆಲವನ್ನು ತೂರಲಾರದೆ ಗಾಳಿಯಲ್ಲೇ ಕಪ್ಪಾಗುತ್ತಿದ್ದುದನ್ನು ಕಂಡವರಿಗೆ ಅಂಕಿಅಂಶಗಳ ಅಗತ್ಯವಿರಲಿಲ್ಲ. ನಮ್ಮದು ಮೊದಲೇ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಇಲ್ಲಿ ಶೇಂಗಾ ಹೋದರೆ ಕಾಯಿಯ ಜೊತೆಗೆ ಹೊಟ್ಟೂ ಹೋಗುತ್ತದೆ, ಅಂದರೆ ದನದ ಬಾಯಿಗೂ ಮಣ್ಣು ಬೀಳುತ್ತದೆ. ಮುಂದೆ ಸರ್ಕಾರ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ಪಕ್ಕದ ತಾಲ್ಲೂಕಿನಿಂದ ಮೇವು ತರೋಣವೆಂದರೆ ಪಕ್ಕದ ತಾಲ್ಲೂಕಿಗೂ ಅದೇ ಗತಿ.

ತೂಗುವ ಕ್ರಮ ಸರಳವಾಗಿತ್ತು. ಬಣವೆ ಒಟ್ಟಿದವನಿಗೆ ಎಷ್ಟು ಹೊರೆ ಅಥವಾ ಎಷ್ಟು ಗಾಡಿ ಒಟ್ಟಿದೆ ಎಂಬುದು ಗೊತ್ತಿರುತ್ತದೆ. ಹತ್ತು ಹೊರೆ ಎಳೆಸಿ, ತೂಗಿ, ಸರಾಸರಿ ತೆಗೆದು ಗುಣಿಸುತ್ತಿದ್ದೆ. ನಂತರ ಕೊಟ್ಟಿಗೆಯ ತಲೆ ಎಣಿಕೆ. ಒಂದು ಜೊತೆ ಎತ್ತು, ಒಂದು ಮಿಶ್ರತಳಿ ಹಸು, ಒಂದು ಪಡ್ಡೆ (ಇನ್ನೂ ಕರು ಹಾಕದ ಎಳೆ ಹಸು) ಇರುವ ಮನೆಯನ್ನೇ ತೆಗೆದುಕೊಳ್ಳಿ. ದನವೊಂದು ತನ್ನ ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಭಾಗದಷ್ಟು ಒಣ ಪದಾರ್ಥ, ಅಂದರೆ ನೀರಿನಂಶ ಕಳೆದು ಉಳಿಯುವ ಮೇವು, ತಿನ್ನುತ್ತದೆ. ಬರದಲ್ಲಿ ಕೈಬಿಗಿ ಹಿಡಿದು ಹಾಕಿದರೂ ಆ ಮನೆಗೆ ದಿನಕ್ಕೆ 20 ಕಿಲೋ ಒಣಮೇವು ಬೇಕೇ ಬೇಕು. ಅಕ್ಟೋಬರಿನಿಂದ ಮುಂದಿನ ಮೇ ಕೊನೆಯವರೆಗೆ ಎಂಟು ತಿಂಗಳೆಂದರೆ 4,800 ಕಿಲೋ. ಬಣವೆಯಲ್ಲಿದ್ದದ್ದು 2,000 ಕಿಲೋ, ಅಂದರೆ ನೂರು ದಿನದ ಮೇವು. ‘ಯುಗಾದಿವರೆಗೆ ಬರ್ತದೆ’ ಎಂದಿದ್ದ ಮನೆಯ ಯಜಮಾನನಿಗೆ, ಇದು ಸಂಕ್ರಾಂತಿಯನ್ನೂ ಕಾಣುವುದಿಲ್ಲವಪ್ಪ ಎಂದು ಹೇಳಿದಾಗ ಅವನು ನನ್ನ ಮುಖವನ್ನಲ್ಲ, ತಕ್ಕಡಿಯನ್ನು ಅನುಮಾನದಿಂದ ನೋಡಿದ. ಆದರೂ ಆ ವಾರವೇ ತನ್ನ ತಮ್ಮನ ಬಣವೆಯನ್ನೂ ತೂಗಲು ಕರೆದ. ಆರು ಹಳ್ಳಿಗಳಲ್ಲಿ ಹೀಗೆ ಮನೆಗೊಂದು ಹಾಳೆಯಂತೆ ನೋಟ್‌ಬುಕ್ ತುಂಬಿತು. ಅದನ್ನು ಜನ ‘ಮೇವಿನ ಖಾತೆ’ ಎಂದು ಕರೆಯತೊಡಗಿದರು. ನನ್ನ ಎಣಿಕೆಯಲ್ಲಿ ಆ ವರ್ಷ ನಾವು ಮಾಡಿದ ಎಲ್ಲ ಕೆಲಸಗಳಿಗಿಂತ ಹೆಚ್ಚು ದನ ಉಳಿಸಿದ್ದು ಈ ಖಾತೆಯೇ, ಏಕೆಂದರೆ ಮೇವು ಮುಗಿದ ಮೇಲೆ ಮಾಡುವುದಕ್ಕಿಂತ ಅದು ಮುಗಿಯುವ ದಿನ ಮೊದಲೇ ಗೊತ್ತಾದಾಗ ಮಾಡಬಹುದಾದದ್ದು ಬಹಳವಿರುತ್ತದೆ.

ಮೊದಲ ಅವಕಾಶ ಹೊಲದಲ್ಲೇ ಇತ್ತು. ಕಾಯಿ ಕಟ್ಟದ ಶೇಂಗಾವನ್ನು ಎಲೆ ಹಸಿರಿರುವಾಗಲೇ ಕಿತ್ತು ನೆರಳಲ್ಲಿ ಒಣಗಿಸಿದರೆ ಭತ್ತದ ಹುಲ್ಲಿಗಿಂತ ಎರಡು ಪಾಲು ಹೆಚ್ಚು ಸಸಾರಜನಕವಿರುವ ಮೇವಾಗುತ್ತದೆ. ಎಲೆ ಉದುರಿದ ಮೇಲೆ ಕಿತ್ತರೆ ಉಳಿಯುವುದು ಬರೀ ಕಡ್ಡಿ. ತೆನೆಯೊಡೆಯದೆ ಸೊಂಟದೆತ್ತರಕ್ಕೆ ನಿಂತ ಮೆಕ್ಕೆಜೋಳವನ್ನು ಕತ್ತರಿಸಿ ಗುಂಡಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಹುಳಿಸಿ ರಸಮೇವು ಮಾಡಬಹುದು. ಇದನ್ನು ಹೇಳಲು ಹೋದಾಗ ಎದುರಾದದ್ದು ನಾನು ಊಹಿಸಿರದ ತೊಡಕು: ಬೆಳೆ ನಷ್ಟದ ಸಮೀಕ್ಷೆಗೆ ಬರುವವರು ಹೊಲ ಖಾಲಿ ನೋಡಿದರೆ ಪರಿಹಾರ ಸಿಗುವುದಿಲ್ಲವೆಂಬ ಭಯ. ಆ ಭಯವನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಅಧಿಕಾರವಿರಲಿಲ್ಲ. ಕೊನೆಗೆ, ಹೊಲದ ಒಂದು ಅಂಚನ್ನು ಹಾಗೆಯೇ ಬಿಟ್ಟು, ದಿನಾಂಕ ಸಹಿತ ಫೋಟೊ ತೆಗೆದಿಟ್ಟುಕೊಂಡು, ಉಳಿದದ್ದನ್ನು ಕೀಳಲು ಕೆಲವರು ಒಪ್ಪಿದರು. ಒಪ್ಪದವರ ಶೇಂಗಾ ಮೂರು ವಾರದಲ್ಲಿ ಎಲೆ ಕಳೆದುಕೊಂಡಿತು, ಅದರಲ್ಲಿ ಕೊನೆಗೆ ಕುರಿ ಬಿಟ್ಟರು.

ರಸಮೇವಿಗೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಗುಂಡಿ ತೋಡಿಸಿದೆವು. ಚೆನ್ನಾಗಿ ತುಳಿದು ತುಂಬಿದರೆ ಅದರಲ್ಲಿ ನಾಲ್ಕೂವರೆ ಟನ್ ಹಿಡಿಯುತ್ತದೆ. ಬರದ ಮೆಕ್ಕೆಜೋಳದ ವಿಷಯದಲ್ಲಿ ಎರಡು ಮಾತು ನೆನಪಿಡಬೇಕು. ಗಿಡ ಹೊರಗಿನಿಂದ ಒಣಗಿದಂತೆ ಕಂಡರೂ ದಂಟಿನೊಳಗೆ ನೀರು ಬಹಳವಿರುತ್ತದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ಅರ್ಧ ದಿನ ಬಾಡಿಸಬೇಕು. ಮುಷ್ಟಿ ಬಿಟ್ಟಾಗ ಉಂಡೆ ನಿಧಾನವಾಗಿ ಬಿರಿದರೆ ಹದ ಸರಿಯಿದೆ. ಎರಡನೆಯದಾಗಿ, ನೀರಿಲ್ಲದೆ ಸೊರಗಿದ ಗಿಡದ ಬುಡದಲ್ಲಿ ನೈಟ್ರೇಟ್ ಸೇರಿಕೊಳ್ಳುವುದರಿಂದ ನೆಲದಿಂದ ಗೇಣು ಮೇಲಕ್ಕೆ ಕೊಯ್ಯಬೇಕು. ತುಂಬಿದ ಮೇಲೆ ಹಾಳೆ ಮುಚ್ಚಿ, ಮಣ್ಣು ಹೇರಿ, 45 ದಿನ ಅದರ ಕಡೆ ತಿರುಗಿಯೂ ನೋಡಬಾರದು. ಒಬ್ಬರು ಕುತೂಹಲ ತಡೆಯಲಾರದೆ ಎರಡನೇ ವಾರವೇ ಮೂಲೆ ಎತ್ತಿ ನೋಡಿ ಮುಚ್ಚಿದ್ದರು. ಆ ಮೂಲೆಯ ಒಂದು ಬಂಡಿಯಷ್ಟು ಮೇವು ಬೂಷ್ಟು ಹಿಡಿದು ತಿಪ್ಪೆ ಸೇರಿತು.

ಖಾತೆಯ ಕೊರತೆಯನ್ನೆಲ್ಲ ಕೂಡಿಸಿದಾಗ ಹೊರಗಿನಿಂದ ತರದೆ ಗತ್ಯಂತರವಿಲ್ಲವೆಂಬುದು ಸ್ಪಷ್ಟವಾಯಿತು. ನಮ್ಮ ಕಡೆಯವರು ಬರ ಬಂದಾಗಲೆಲ್ಲ ಭತ್ತದ ಹುಲ್ಲಿಗಾಗಿ ನೋಡುವುದು ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿಯ ಕಡೆಗೆ. ಅಲ್ಲಿ ಎರಡು ಬೆಳೆ ಬರುವುದರಿಂದ ಬೇಸಿಗೆಯಲ್ಲಿ ಇನ್ನೊಮ್ಮೆ ಹುಲ್ಲು ಸಿಗುತ್ತದೆ ಎಂಬ ನೆಚ್ಚಿಕೆಯಲ್ಲಿ ಮಾರ್ಚ್‌ವರೆಗೆ ಕಾಯುವುದು ರೂಢಿ. ಆದರೆ ಆ ವರ್ಷ ಜಲಾಶಯವೇ ತುಂಬಿರಲಿಲ್ಲ, ಎರಡನೇ ಬೆಳೆಗೆ ನೀರಿಲ್ಲವೆಂಬುದು ಮೊದಲೇ ಖಚಿತವಾಗಿತ್ತು. ಅಂದರೆ ಡಿಸೆಂಬರಿನ ಕೊಯ್ಲೇ ಕೊನೆಯ ಹುಲ್ಲು. ಕಟಾವು ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ, ಹಿಂದೆಯೇ ಸುತ್ತುವ ಯಂತ್ರ ಓಡಿಸಿ ಉರುಳೆ ಕಟ್ಟಿಸದಿದ್ದರೆ ಬೆಂಕಿ ಇಡುತ್ತಾರೆ. ನಮ್ಮ ಮೂರು ಹಳ್ಳಿಗಳ ಹಾಲಿನ ಸಂಘದವರು ಸೇರಿ, ಕೊಯ್ಲಿಗೆ ಮುಂಚೆಯೇ ಹೋಗಿ ಗದ್ದೆಯವರೊಂದಿಗೆ ಮಾತಾಡಿ, ಉರುಳೆಯ ಲೆಕ್ಕದಲ್ಲಿ ಅಲ್ಲದೆ ತೂಕದ ಲೆಕ್ಕದಲ್ಲಿ ಬೆಲೆ ಕುದುರಿಸಿಕೊಂಡು ಬಂದರು. ಉರುಳೆಗೆ ಉರುಳೆ ತೂಕದಲ್ಲಿ ಐದಾರು ಕಿಲೋ ವ್ಯತ್ಯಾಸವಿರುವುದನ್ನು ನಮ್ಮ ಹಳೆಯ ತಕ್ಕಡಿ ತೋರಿಸಿಕೊಟ್ಟಿತ್ತು.

ಭತ್ತದ ಹುಲ್ಲು ರಾಗಿ ಹುಲ್ಲಿನಂತಲ್ಲ. ಅದರಲ್ಲಿ ಸತ್ವ ಕಡಿಮೆ, ಸುಣ್ಣದಂಶ ಕಡಿಮೆ, ದನ ಮೂಸಿ ಬಿಡುವುದೂ ಉಂಟು. ಕತ್ತರಿಸಿ ಹಾಕಿದರೆ ತುಳಿದು ಹಾಳುಮಾಡುವುದು ತಪ್ಪುತ್ತದೆ. ಉದ್ದ ಹುಲ್ಲು ಹಾಕುವ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಕಾಲಡಿಯಿಂದ ಗುಡಿಸಿ ತೂಗಿಸಿದಾಗ, ಹಾಕಿದ್ದರ ಕಾಲು ಭಾಗ ತಿಪ್ಪೆಗೆ ಹೋಗುತ್ತಿದ್ದುದು ಕಂಡಿತು. ಸತ್ವ ಹೆಚ್ಚಿಸಲು ಯೂರಿಯಾ ಉಪಚಾರ ಮಾಡಿದೆವು: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡುವುದು. ತೆರೆದಾಗ ಹುಲ್ಲು ಕಂದುಹಳದಿಯಾಗಿ ಘಾಟು ಬರುತ್ತದೆ. ಒಂದೆರಡು ಗಂಟೆ ಹರವಿ ಘಾಟು ಕಳೆದು, ಮೊದಲು ಸ್ವಲ್ಪ ಸ್ವಲ್ಪವಾಗಿ ರೂಢಿಸಬೇಕು, ಆರು ತಿಂಗಳೊಳಗಿನ ಕರುಗಳಿಗೆ ಹಾಕಲೇಬಾರದು.

ಇಷ್ಟನ್ನೂ ನಾನು ಊರ ಕಟ್ಟೆಯ ಮೇಲೆ ನಿಂತು ಹೇಳಿದ್ದೆ. ಹೇಳದೆ ಬಿಟ್ಟಿದ್ದು ಒಂದೇ ಒಂದು: ಡ್ರಮ್ಮಿನಲ್ಲಿ ಉಳಿದ ಯೂರಿಯಾ ನೀರನ್ನು ಕೂಡಲೇ ಚೆಲ್ಲಬೇಕೆಂಬುದು. ನೀರಿಗೆ ಹಾಹಾಕಾರವಿದ್ದ ಊರಿನಲ್ಲಿ ತುಂಬಿದ ಡ್ರಮ್ಮಿಗೆ ದನ ಬಾಯಿಡುತ್ತದೆ ಎಂಬುದು ನನಗೆ ಹೊಳೆಯಬೇಕಿತ್ತು. ಒಂದು ಹಸು, ಒಂದು ಪಡ್ಡೆ ಕುಡಿದಿದ್ದವು. ನಾನು ಹೋಗುವಷ್ಟರಲ್ಲಿ ನಡುಕ, ಬಾಯಲ್ಲಿ ನೊರೆ, ಹೊಟ್ಟೆ ಉಬ್ಬರ ಎಲ್ಲವೂ ಶುರುವಾಗಿತ್ತು. ತಣ್ಣೀರು, ವಿನೆಗರ್ ಕುಡಿಸಿ ಹಸುವನ್ನು ಉಳಿಸಿಕೊಂಡೆವು, ಪಡ್ಡೆ ಉಳಿಯಲಿಲ್ಲ. ಆ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ಇನ್ನೂ ಭಾರ. ಅಂದಿನಿಂದ ಯೂರಿಯಾ ಕರಗಿಸುವಾಗ ನಾನೋ ನಮ್ಮ ಪಶು ಪರಿವೀಕ್ಷಕರೋ ಎದುರಿಗಿರದೆ ಯಾವ ಮನೆಯಲ್ಲೂ ಮಾಡಿಸಲಿಲ್ಲ.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಎಂಬ ಪುಟ್ಟ ಸಸ್ಯ, ಮಣ್ಣಿಲ್ಲದ ಮೊಳಕೆ ಮೇವು ಇವುಗಳ ಬಗ್ಗೆ ಬಹಳ ಮಂದಿ ಕೇಳಿದರು. ಎರಡನ್ನೂ ಚಿಕಿತ್ಸಾಲಯದ ಹಿಂದೆ ಮಾಡಿ ನೋಡಿದೆ. ಒಂದು ಕಿಲೋ ಮೆಕ್ಕೆಜೋಳ ವಾರದಲ್ಲಿ ಐದಾರು ಕಿಲೋ ಹಸಿರಾಗುವುದು ನಿಜ, ಆದರೆ ಹೆಚ್ಚಾಗಿದ್ದು ನೀರು. ಒಣ ಪದಾರ್ಥ ಇದ್ದದ್ದಕ್ಕಿಂತ ಕಡಿಮೆಯೇ ಆಗುತ್ತದೆ. ಬರಕ್ಕೆ ಇದು ಪರಿಹಾರವಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಕೈಗೆಟುಕುವುದು ನಮ್ಮ ಸುತ್ತಲೇ ಇತ್ತು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಶೇಂಗಾ ಹಿಂಡಿಯನ್ನು, ಬೂಷ್ಟಿಲ್ಲದ್ದನ್ನು ನೋಡಿ ತಂದು, ಖನಿಜ ಮಿಶ್ರಣದೊಂದಿಗೆ ದಿನಕ್ಕೆ ಅರ್ಧ ಕಿಲೋ ಹಿಂಡಿ ಕೊಟ್ಟರೆ ಒಣ ಹುಲ್ಲು ಜೀರ್ಣವಾಗುವ ಬಗೆಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ಬಳ್ಳಾರಿ ಜಾಲಿಯ ಕಾಯಿ ಬೇಕಾದಷ್ಟು ಉದುರುತ್ತದೆ. ಅದನ್ನು ಒಣಗಿಸಿ ಬೀಜ ಸಮೇತ ಬೀಸಿಸಿ ಹಿಂಡಿಯೊಂದಿಗೆ ಬೆರೆಸಿದೆವು, ಏಕೆಂದರೆ ಬೀಸದ ಬೀಜ ಸಗಣಿಯಲ್ಲಿ ಇಡಿಯಾಗಿ ಹೊರಬಂದು ಮತ್ತೆ ಜಾಲಿಯಾಗುತ್ತದೆ, ಮೇವಾಗುವುದಿಲ್ಲ. ಹಸಿರಿಲ್ಲದೆ ನಾಲ್ಕು ತಿಂಗಳು ಕಳೆದ ಗಬ್ಬದ ಹಸುವೊಂದು ಕುರುಡು ಕರು ಹಾಕಿದ ಮೇಲೆ, ಬೇವು, ಬಸರಿ, ಅಗಸೆ, ನುಗ್ಗೆ ಯಾವುದಾದರೂ ಸರಿ, ದಿನಕ್ಕೆ ಒಂದು ಹಿಡಿ ಸೊಪ್ಪು ಹಾಕಿರೆಂದು ಎಲ್ಲ ಮನೆಗಳಿಗೂ ಹೇಳಿ, ಗಬ್ಬದ ದನಗಳಿಗೆ ಎ ಜೀವಸತ್ವದ ಚುಚ್ಚುಮದ್ದು ಕೊಟ್ಟೆವು.

ನಮ್ಮ ಭಾಗದ ಇನ್ನೊಂದು ಹೊಣೆ ದೇವರ ಎತ್ತುಗಳು. ಮ್ಯಾಸಬೇಡ ಸಮುದಾಯದ ಕಟ್ಟೆಮನೆಗಳಿಗೆ (ಕುಲದ ಕೇಂದ್ರಗಳಿಗೆ) ಸೇರಿದ ಈ ಹಿಂಡುಗಳನ್ನು ಅವುಗಳ ಪಾಲಕರಾದ ಕಿಲಾರಿಗಳು ಕಾವಲುಗಳೆಂಬ ಹುಲ್ಲುಗಾವಲುಗಳಲ್ಲಿ ಮೇಯಿಸುತ್ತಾರೆ. ಅವುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಕೊಟ್ಟಿಗೆಯ ಅಭ್ಯಾಸವೇ ಇಲ್ಲದ ಅವುಗಳನ್ನು ಗೋಶಾಲೆಗೆ ತರುವ ಮುನ್ನ ಕಾಲುಬಾಯಿ ಜ್ವರದ ಲಸಿಕೆ ಹಾಕಿ, ಊರ ದನಗಳಿಂದ ಬೇರೆ ಕಡೆ ನೆರಳು ಮಾಡಿದೆವು. ಅಲ್ಲಿ ನಮಗೆ ತೊಂದರೆ ಕೊಟ್ಟಿದ್ದು ಹಸಿವಲ್ಲ, ಪುಣ್ಯ. ಭಕ್ತರು ಟ್ರಾಕ್ಟರಿನಲ್ಲಿ ಅನ್ನ, ಪಾಯಸ ತಂದು ಸುರಿದು ಹೋದರು; ಖಾಲಿ ಹೊಟ್ಟೆಯ ದನ ಅನ್ನವನ್ನು ಗಬಗಬ ತಿಂದು ಹೊಟ್ಟೆ ಹುಳಿಯಾಗಿ ಮಲಗಿಬಿಡುತ್ತದೆ. ಒಂದೇ ಸಂಜೆ ಹನ್ನೊಂದು ದನಗಳಿಗೆ ಅಡುಗೆ ಸೋಡಾ ಕರಗಿಸಿ ಕುಡಿಸಬೇಕಾಯಿತು. ಮರುದಿನ ಗೋಶಾಲೆಯ ಬಾಗಿಲಲ್ಲಿ ನಿಂತ ಕಿಲಾರಿಯೊಬ್ಬರು, ಅನ್ನ ತಂದವರಿಂದ ಅನ್ನದ ಬದಲು ಹಿಂಡಿಯ ಚೀಲ ಕೇಳಿ ಪಡೆಯುವ ವ್ಯವಸ್ಥೆಯನ್ನು ತಾವೇ ಮಾಡಿದರು. ನಾನು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಕಷ್ಟದ ಮಾತೆಂದರೆ, ಯಾವ ದನಕ್ಕೆ ಎಷ್ಟು ಎಂಬುದು. ಮುದಿ ದನ ಮಾರುವ ದಾರಿ 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾನೂನಿನ ನಂತರ ಹೆಚ್ಚುಕಡಿಮೆ ಮುಚ್ಚಿದೆ, ಆದ್ದರಿಂದ ಕೊಟ್ಟಿಗೆಯಲ್ಲಿರುವ ಎಲ್ಲ ಬಾಯಿಗಳಿಗೂ ಅದೇ ಬಣವೆ. ಗಬ್ಬದ ಮತ್ತು ಕರೆಯುವ ಹಸುವಿಗೆ ಉಪಚಾರ ಮಾಡಿದ ಹುಲ್ಲು ಮತ್ತು ಹಿಂಡಿ, ದುಡಿಮೆಯಿಲ್ಲದ ಎತ್ತಿಗೆ ಜೀವ ಹಿಡಿಯುವಷ್ಟು ಬರಿಯ ಹುಲ್ಲು ಎಂದು ಖಾತೆಯಲ್ಲಿ ಬರೆದುಕೊಟ್ಟೆ. ಎತ್ತಿಗೆ ಕಡಿಮೆ ಹಾಕಿ ಹಸುವಿಗೆ ಹೆಚ್ಚು ಹಾಕುವುದು ಕೆಲವು ಹಿರಿಯರಿಗೆ ಸಹಿಸಲಾಗಲಿಲ್ಲ. ರಾತ್ರಿ ಹೊತ್ತು ಯಾರೂ ನೋಡದಂತೆ ಎತ್ತಿನ ಮುಂದೆ ಒಂದು ಹಿಡಿ ಹೆಚ್ಚು ಹಾಕುತ್ತಿದ್ದ ಅಜ್ಜನೊಬ್ಬರಿಗೆ, ಖಾತೆಯಲ್ಲಿ ಆ ಒಂದು ಹಿಡಿಯನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿಕೊಟ್ಟೆ.

2024ರ ಜೂನಿನ ಆರಂಭದಲ್ಲಿ ಮಳೆ ಬಂತು, ಆಗಲೇ ನಾವು ಹೆಚ್ಚು ಓಡಾಡಬೇಕಾಯಿತು. ಹಿಂದಿನ ಜೋಳದ ಬುಡಗಳು ಮೊದಲ ಹದಕ್ಕೇ ಕೂಳೆಯೊಡೆದು ಹಸಿರಾದವು. ಎಂಟು ತಿಂಗಳು ಹಸಿರು ಕಾಣದ ದನ ಆ ಮೊಣಕಾಲುದ್ದದ ಕೂಳೆಗೆ ನುಗ್ಗಿದರೆ ಅದರ ವಿಷಕ್ಕೆ ಗಂಟೆಯೊಳಗೆ ಪ್ರಾಣ ಬಿಡುತ್ತದೆ. ಜೋಳ ಹೂ ಬಿಡುವವರೆಗೂ ಆ ಭಯ ಪೂರ್ತಿ ಹೋಗುವುದಿಲ್ಲ. ಆ ವಿಷಕ್ಕೆ ಮದ್ದಾದ ಸೋಡಿಯಂ ಥಯೋಸಲ್ಫೇಟ್ ಚೀಲದಲ್ಲಿಟ್ಟುಕೊಂಡೇ ತಿರುಗಿದೆ, ಮೂರು ದನಗಳಿಗೆ ಕೊಟ್ಟು ಮೂರನ್ನೂ ಎಬ್ಬಿಸಿದೆ. ಖಾತೆಯ ಮೊದಲ ಹಾಳೆಯ ಮನೆಗೆ ಹೋದಾಗ ಬಣವೆಯ ಬುಡದಲ್ಲಿ ಮೂವತ್ತೆಂಟು ಹೊರೆ ಹುಲ್ಲು ಉಳಿದಿತ್ತು. ಮಳೆ ಬಂತಲ್ಲ, ಇನ್ನು ಇದೇಕೆ, ಮಾರಿಬಿಡಲೇ ಎಂದು ಯಜಮಾನ ಕೇಳಿದ. ಬೆಳಿಗ್ಗೆ ಹಟ್ಟಿಯಿಂದ ಬಿಡುವ ಮುನ್ನ ದನಗಳಿಗೆ ಹೊಟ್ಟೆ ತುಂಬ ಅದನ್ನೇ ಹಾಕಿ, ಎಳೆ ಹುಲ್ಲಿಗೆ ಹೊಟ್ಟೆ ಒಗ್ಗುವವರೆಗೆ ಹದಿನೈದು ದಿನ ಹಾಗೆಯೇ ನಡೆಸು ಎಂದೆ. ಅವನು ತಕ್ಕಡಿ ತರಲು ಒಳಗೆ ಹೋದ.