ಮಷಿನ್ ಕೊಳ್ಳಲಿಲ್ಲ, ಡೈರಿ ಬರೆದೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಾನೊಬ್ಬನೇ ನಡೆಸುವ ಪುಟ್ಟ ಶೆಡ್ಡು ಇದೆ. ಎರಕದ ಭಾಗಗಳನ್ನು ಮಷಿನಿಂಗ್ ಮಾಡುವಾಗ ಅಲುಗದಂತೆ ಹಿಡಿದಿಡುವ ಫಿಕ್ಸ್ಚರ್‌ಗಳ ಡಿಸೈನು, ತಯಾರಿ ಎರಡೂ ನನ್ನದೇ. ಆರ್ಡರ್ ಹೆಚ್ಚಾದಂತೆ ಡೆಲಿವರಿ ತಪ್ಪತೊಡಗಿತು. ಸಾಲ ಮಾಡಿ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆದು ಕತ್ತರಿಸುವ ಮಷಿನ್) ತರಲೇ, ಇನ್ನೊಬ್ಬ ಇಂಜಿನಿಯರನ್ನು ಇಟ್ಟುಕೊಳ್ಳಲೇ? ಬ್ಯಾಂಕಿನವರಂತೂ ಸಾಲ ಕೊಡಲು ತುದಿಗಾಲಲ್ಲಿ ನಿಂತಿದ್ದರು. ಕಂತು ಕಟ್ಟುವವನು ನಾನು ತಾನೆ!

ಎರಡೂ ಬಿಟ್ಟು, 6 ವಾರ ಪ್ರತಿ ಗಂಟೆ ಏನು ಮಾಡಿದೆ ಎಂದು ಡೈರಿಯಲ್ಲಿ ಬರೆದೆ. ಓದಿದರೆ ನಾಚಿಕೆಯಾಯಿತು. ಗಿರಾಕಿ ನನ್ನ ಹತ್ತಿರ ಬರುವುದೇ ಡಿಸೈನಿಗೆ. ಅದಕ್ಕೆ ದಿನಕ್ಕೆ 2 ಗಂಟೆಯೂ ಸಿಗುತ್ತಿರಲಿಲ್ಲ. ಉಳಿದದ್ದೆಲ್ಲ ಡ್ರಿಲ್ಲಿಂಗ್, ಕೊಟೇಷನ್, ಬಾಕಿ ವಸೂಲಿ.

ಈಗ ಮಷಿನಿಂಗ್ ಪಕ್ಕದ ಶೆಡ್ಡಿಗೆ ಕೂಲಿ ಕೊಟ್ಟು ಮಾಡಿಸುವ ಜಾಬ್‌ವರ್ಕ್. ಮಾಲು ಚಲನ್ (ಸಾಗಣೆ ಚೀಟಿ) ಮೇಲೆ ಹೋಗುತ್ತದೆ, ಬರುತ್ತದೆ. ಮೊದಲ ಲಾಟ್‌ನಲ್ಲಿ ಭಾಗವನ್ನು ಸರಿಯಾದ ಜಾಗದಲ್ಲಿ ಕೂರಿಸುವ ಲೊಕೇಟಿಂಗ್ ಪಿನ್ನಿನ ರಂಧ್ರಗಳೇ ದೊಡ್ಡದಾಗಿ ಬಂದವು. ಡ್ರಾಯಿಂಗ್‌ನಲ್ಲಿ ನಾನು ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿಯಾಗಬಹುದೆಂಬ ಮಿತಿ) ಬರೆದಿರಲೇ ಇಲ್ಲ, ಅಷ್ಟು ದಿನ ಅದು ನನ್ನ ತಲೆಯಲ್ಲಿತ್ತು! ಈಗ ಬರೆಯುತ್ತೇನೆ, ಕೊನೆಯ ತಪಾಸಣೆ ಮಾತ್ರ ನನ್ನ ಕೈಯಲ್ಲೇ.

ವಸೂಲಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಮಾಡಿಸಿ, ನಂಬರನ್ನು ಬಿಲ್ಲಿನ ಮೇಲೆ ಹಾಕಿದೆ. 2006ರ ಎಂಎಸ್ಎಂಇ ಕಾಯ್ದೆಯಂತೆ, ಬರಹದಲ್ಲಿ ಒಪ್ಪಂದವಿದ್ದರೂ ಹಣ ಕೊಡುವ ಗಡುವು 45 ದಿನ ಮೀರುವಂತಿಲ್ಲ. ಎಲ್ಲರೂ ಪಾಲಿಸುತ್ತಾರೆಂದಲ್ಲ, ಆದರೆ ಫೋನು ಎತ್ತುತ್ತಾರೆ.

ಲೆಕ್ಕಪತ್ರಕ್ಕೆ ವಾರಕ್ಕೆರಡು ದಿನ ಒಬ್ಬರು ಬರುತ್ತಾರೆ. ವಿಎಂಸಿಯ ಕೊಟೇಷನ್ ಇನ್ನೂ ಡ್ರಾಯರಿನಲ್ಲಿದೆ.