ಡಾರ್ಸೆಟ್‌ನಲ್ಲಿ ಬೇಸಿಗೆಯ ಒಂದು ದಿನ: ಪಂಚಾಂಗ ನೋಡಿ ಹೊರಡಿ

ಜುಲೈ ಕೊನೆಯ ವಾರ ಬಂತೆಂದರೆ ಇಂಗ್ಲೆಂಡಿನ ಶಾಲೆಗಳಿಗೆ ಸುಮಾರು ಆರು ವಾರ ಬೇಸಿಗೆ ರಜೆ. ಊರಿಂದ ಅಪ್ಪ-ಅಮ್ಮ ಬಂದಿಳಿಯುವುದೂ ಆಗಲೇ. ಮನೆಯೊಳಗೆ ಮೂರು ತಲೆಮಾರು, ಹೊರಗೆ ನಂಬಲು ಬಾರದ ಆಕಾಶ, ಬೆಳಗಾದರೆ ಮಕ್ಕಳದ್ದು ಒಂದೇ ರಾಗ: ಇವತ್ತು ಎಲ್ಲಿಗೆ?

ರೆಡಿಂಗ್‌ನಲ್ಲಿರುವ ನಮಗೆ ಇದಕ್ಕೆ ಸಿಕ್ಕಿರುವ ಉತ್ತರ ಡಾರ್ಸೆಟ್. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈ ಕೌಂಟಿಯ ಅಂಚನ್ನು ಪಕ್ಕದ ಡೆವನ್‌ನ ಒಂದು ತುಂಡಿನ ಜೊತೆ ಸೇರಿಸಿ 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣ ಮಾಡಿತು. 155 ಕಿಲೋಮೀಟರ್ ಉದ್ದದ ಈ ತೀರವನ್ನು ಜುರಾಸಿಕ್ ಕೋಸ್ಟ್ ಎನ್ನುತ್ತಾರೆ. ಅದರ ಬಂಡೆಗಳಲ್ಲಿ 18.5 ಕೋಟಿ ವರ್ಷಗಳ ಲೆಕ್ಕ ಪದರ ಪದರವಾಗಿ ಕೂತಿದೆ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಕಾರಿನ ಬಾಗಿಲು ತಾವೇ ತೆಗೆಯುತ್ತಾರೆ.

ಮೊದಲು ಪಟ್ಟಿ ಹರಿದುಹಾಕಿ

ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿದ ಜನ ನಾವು. ಅದೇ ಹುಮ್ಮಸ್ಸಿನಲ್ಲಿ ಡಾರ್ಸೆಟ್‌ಗೆ ಹೊರಟರೆ ಆಗಸ್ಟ್‌ನಲ್ಲಿ ದಿನವೆಲ್ಲ ಕಿರಿದಾದ ಹಳ್ಳಿರಸ್ತೆಗಳಲ್ಲೇ ಕಳೆಯುತ್ತದೆ. ಒಂದು ದಿನಕ್ಕೆ ಒಂದೇ ದಿಕ್ಕು ಸಾಕು. ಪಶ್ಚಿಮಕ್ಕೆ ಲೈಮ್ ರೀಜಿಸ್ ಮತ್ತು ಚಾರ್ಮತ್. ನಡುವೆ ವೇಮತ್, ಪೋರ್ಟ್‌ಲ್ಯಾಂಡ್, ಆಬಟ್ಸ್‌ಬರಿ. ಪೂರ್ವಕ್ಕೆ ಕೋರ್ಫ್, ಸ್ವಾನೇಜ್, ಪೂಲ್. ಮೂರರಲ್ಲಿ ಒಂದನ್ನು ಆರಿಸಿ, ಉಳಿದದ್ದನ್ನು ಇನ್ನೊಂದು ಶನಿವಾರಕ್ಕೆ ಬಿಡಿ.

ಕಾರಿಲ್ಲದವರೂ ಹೋಗಬಹುದು. ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ವೇಮತ್‌ಗೆ ನೇರ ರೈಲಿದೆ, ಮೂರು ಗಂಟೆಗೆ ಸ್ವಲ್ಪ ಕಡಿಮೆ ದಾರಿ. ಇಳಿದು ಕೆಲವೇ ನಿಮಿಷ ನಡೆದರೆ ಮರಳು. ಲೈಮ್ ಕಡೆಗಾದರೆ ಆಕ್ಸ್‌ಮಿನ್‌ಸ್ಟರ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು, ಸ್ವಾನೇಜ್ ಕಡೆಗಾದರೆ ವೇರ್‌ಹ್ಯಾಮ್‌ನಲ್ಲಿ. ಮಕ್ಕಳಿದ್ದವರಿಗೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಲಾಭದ್ದು. ದೊಡ್ಡವರ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ, ಐದರಿಂದ ಹದಿನೈದು ವರ್ಷದ ಮಕ್ಕಳ ಟಿಕೆಟ್‌ನಲ್ಲಿ ಶೇಕಡಾ 60 ಉಳಿಯುತ್ತದೆ.

ಆಮೇಲೆ ಕಡಲಿನ ವೇಳಾಪಟ್ಟಿ

ಹವಾಮಾನವನ್ನು ಎಲ್ಲರೂ ನೋಡುತ್ತಾರೆ, ಉಬ್ಬರ-ಇಳಿತವನ್ನು ನೋಡುವವರು ಕಡಿಮೆ. ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಅಷ್ಟೇನೂ ದೊಡ್ಡದಲ್ಲ, ಮಲ್ಪೆಗೆ ಹೋಗುವಾಗ ಯಾರೂ ಗಡಿಯಾರ ನೋಡುವುದಿಲ್ಲ. ಲೈಮ್ ರೀಜಿಸ್‌ನಲ್ಲಿ ಹಾಗಲ್ಲ. ದೊಡ್ಡ ಉಬ್ಬರದ ದಿನಗಳಲ್ಲಿ ನೀರು ಎರಡಾಳಿಗಿಂತ ಹೆಚ್ಚು ಎತ್ತರ ಏರಿ ಇಳಿಯುತ್ತದೆ. ಮಧ್ಯಾಹ್ನ ಮಕ್ಕಳು ಓಡಾಡಿದ ಜಾಗದಲ್ಲಿ ಸಂಜೆ ಅಲೆ ಬಂಡೆಗೆ ಬಡಿಯುತ್ತಿರುತ್ತದೆ. ಮೊದಲ ವರ್ಷ ನಾವು ಇದನ್ನು ನೋಡದೆ ಹೋಗಿ, ದಾರಿಯ ವಾಹನಗಳ ಸಾಲಿನಲ್ಲಿ ಸಿಕ್ಕಿ, ಚಾರ್ಮತ್ ತಲುಪುವಷ್ಟರಲ್ಲಿ ಸಂಜೆ ಐದು. ನೀರು ಏರುತ್ತಿತ್ತು. ಬೀಚೆಂದು ಉಳಿದದ್ದು ಒಂದು ಪಟ್ಟಿ ಕಲ್ಲು. ಮಗ ಅತ್ತ, ನಾವು ಐಸ್‌ಕ್ರೀಮ್ ತಿಂದು ವಾಪಸ್ ಬಂದೆವು.

ಈಗ ನಮ್ಮ ಮನೆಯಲ್ಲಿ ಪಂಚಾಂಗ ಈ ಕೆಲಸಕ್ಕೂ ಬಳಕೆಯಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ನೀರು ಅತಿ ಹೆಚ್ಚು ಹಿಂದೆ ಸರಿಯುತ್ತದೆ. ಲೈಮ್ ಆಸುಪಾಸಿನಲ್ಲಿ ಆ ದಿನಗಳ ಇಳಿತ ಸಾಮಾನ್ಯವಾಗಿ ಮಧ್ಯಾಹ್ನದ ಊಟದ ಹೊತ್ತಿಗೇ ಬೀಳುತ್ತದೆ. ಹಾಗಾಗಿ ತಿಂಗಳಿಗೆ ಎರಡು ಒಳ್ಳೆಯ ವಾರಾಂತ್ಯಗಳು ಯಾವುವೆಂದು ಅಮ್ಮ ಬೆರಳೆಣಿಸಿ ಹೇಳಿಬಿಡುತ್ತಾರೆ. ನಿಖರ ಗಂಟೆಗೆ ಮಾತ್ರ ಉಬ್ಬರ-ಇಳಿತದ ಕೋಷ್ಟಕವನ್ನೇ ನೋಡಬೇಕು. ಕೆಲವು ಮುದ್ರಿತ ಕೋಷ್ಟಕಗಳು ಗ್ರೀನಿಚ್ ಕಾಲಮಾನದಲ್ಲಿರುತ್ತವೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಿ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಎಂಬುದೂ ನೆನಪಿರಲಿ.

ಚೀಲಕ್ಕೆ ಏನೇನು

ಸ್ವೆಟರ್. ಹೌದು, ಆಗಸ್ಟ್‌ನಲ್ಲೂ. ಬಿಸಿಲಿದ್ದರೂ ಕಡಲಗಾಳಿ ಕಿವಿಗೆ ಹೊಕ್ಕರೆ ಹಿರಿಯರು ಒಂದು ಗಂಟೆ ಕೂರುವುದಿಲ್ಲ. ಬೀಚಿನಲ್ಲಿ ಕೋಲು ನೆಟ್ಟು ಬಟ್ಟೆ ಎಳೆದು ಗಾಳಿಗೆ ಅಡ್ಡ ಕಟ್ಟುತ್ತಾರಲ್ಲ, ಆ ವಿಂಡ್‌ಬ್ರೇಕ್ ಒಂದು ಕೊಂಡಿಟ್ಟುಕೊಳ್ಳಿ, ಹತ್ತು ವರ್ಷ ಬರುತ್ತದೆ. ಸನ್‌ಸ್ಕ್ರೀನ್, ಟೊಪ್ಪಿ, ಮಕ್ಕಳಿಗೆ ಎರಡು ಜೊತೆ ಬಟ್ಟೆ. ನೀರಿಗಿಳಿಯುವ ರಬ್ಬರ್ ಶೂ ಬೇಕೇ ಬೇಕು. ಮರಳಿನಲ್ಲಿ ಹುದುಗಿರುವ ವೀವರ್ ಎಂಬ ಪುಟ್ಟ ಮೀನಿನ ಮುಳ್ಳು ಚುಚ್ಚಿದರೆ ವಿಪರೀತ ಉರಿ. ಚುಚ್ಚಿದ್ದೇ ಆದರೆ ಸುಡದಷ್ಟು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರಬೇಕು.

ಊಟ ಮನೆಯಿಂದಲೇ ಒಯ್ಯುವುದು ನನ್ನ ಪಕ್ಷ. ಪುಳಿಯೋಗರೆ, ಚಪಾತಿ ರೋಲು, ಕೋಡುಬಳೆ, ಫ್ಲಾಸ್ಕಿನಲ್ಲಿ ಕಾಫಿ. ಸಸ್ಯಾಹಾರಿಗಳು ಬೀಚಿನ ಅಂಗಡಿಯಲ್ಲಿ ಚಿಪ್ಸ್ ಕೊಳ್ಳುವ ಮುನ್ನ ಎಣ್ಣೆ ಯಾವುದೆಂದು ಕೇಳಿ, ಕೆಲವೆಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಇನ್ನು ಕಡಲಕ್ಕಿಗಳು. ಇಲ್ಲಿಯ ಸೀಗಲ್ ನಮ್ಮ ಕಾಗೆಗಿಂತ ಧೈರ್ಯವಂತ, ಕೈಯಲ್ಲಿದ್ದದ್ದನ್ನೇ ಕಸಿಯುತ್ತದೆ. ಅದನ್ನೇ ದಿಟ್ಟಿಸಿ ನೋಡುತ್ತಿದ್ದರೆ ಹತ್ತಿರ ಬರಲು ಹಿಂಜರಿಯುತ್ತದೆ ಎಂದು ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ನಮ್ಮಲ್ಲಿ ಊಟದ ಹೊತ್ತಿಗೆ ಒಬ್ಬರಿಗೆ ಹಕ್ಕಿ ದಿಟ್ಟಿಸುವ ಕೆಲಸ ಹಂಚಿಕೆಯಾಗುತ್ತದೆ.

ಚಾರ್ಮತ್‌ನಲ್ಲಿ ಕಲ್ಲು ಹುಡುಕುವ ಕ್ರಮ

ಒಂದೇ ದಿನ ಇರುವುದೆಂದರೆ ನಾನು ಕಣ್ಣುಮುಚ್ಚಿ ಪಶ್ಚಿಮಕ್ಕೆ ಕಳಿಸುತ್ತೇನೆ. ಚಾರ್ಮತ್ ಬೀಚಿಗೆ ತಾಗಿಯೇ ಹೆರಿಟೇಜ್ ಕೋಸ್ಟ್ ಸೆಂಟರ್ ಇದೆ. ಮೊದಲು ಅದರೊಳಗೆ ಹೋಗಿ. ಸಿಗುವ ಪಳೆಯುಳಿಕೆಗಳು ಹೇಗಿರುತ್ತವೆ ಎಂದು ಮಕ್ಕಳ ಕಣ್ಣಿಗೆ ಒಮ್ಮೆ ಕೂರಬೇಕು, ಇಲ್ಲದಿದ್ದರೆ ಬೀಚಿನ ಪ್ರತಿ ಕಲ್ಲೂ ಡೈನೋಸಾರೇ. ಇವರು ಮಾರ್ಗದರ್ಶಕರೊಂದಿಗೆ ನಡೆಸುವ ಹುಡುಕಾಟದ ನಡಿಗೆಗೆ ರಜೆಯಲ್ಲಿ ಬೇಗ ಜಾಗ ತುಂಬುತ್ತದೆ, ಮುಂಚೆಯೇ ಕಾದಿರಿಸಿ.

ನೀರು ಇಳಿಯುತ್ತಿರುವಾಗ ಕೆಳಗಿಳಿಯಿರಿ, ಇಳಿತ ಮುಗಿದು ತಿರುಗುತ್ತಿದ್ದಂತೆ ಹಿಂದಿರುಗಿ. ಗುಡ್ಡದ ಬುಡಕ್ಕೆ ಹೋಗಲೇಬೇಡಿ. ಇಲ್ಲಿಯ ಬಂಡೆ ಮೃದುವಾದ ಜೇಡಿ, ಮಳೆ ಬಂದ ಮಾರನೆಯ ದಿನ ಮಾತ್ರವಲ್ಲ, ಒಣ ಬಿಸಿಲಲ್ಲೂ ಕುಸಿಯುತ್ತದೆ. ಕುಸಿದ ಕೆಸರಿನ ರಾಶಿ ಮೇಲೆ ಗಟ್ಟಿಯಾಗಿ ಕಂಡರೂ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ. ಗುಡ್ಡಕ್ಕೆ ಸುತ್ತಿಗೆ ಹಾಕುವ ಅಗತ್ಯವೂ ಇಲ್ಲ. ಕಡಲು ಆ ಕೆಲಸ ಮಾಡಿ ಮುಗಿಸಿದೆ. ನೀರಂಚಿನ ಬೆಣಚುಕಲ್ಲು ಮರಳು ಕೂಡುವ ಗೆರೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ಬಂದೂಕಿನ ಗುಂಡಿನಂತಿರುವ ಉದ್ದನೆಯದು ಬೆಲೆಮ್ನೈಟ್, ಹಳೆಯ ಕಾಲದ ಬೊಂಡಾಸಿನಂಥ (ಸ್ಕ್ವಿಡ್‌ನಂಥ) ಜೀವಿಯದ್ದು. ಸುರುಳಿಯಾಗಿ, ಕೆಲವೊಮ್ಮೆ ಬಂಗಾರದ ಬಣ್ಣದಲ್ಲಿ ಹೊಳೆಯುವುದು ಅಮೊನೈಟ್.

ಅಮ್ಮ ಮೊದಲ ಸಲ ಬಂದಾಗ ಮಡಿಸುವ ಕುರ್ಚಿಯಲ್ಲಿ ಕೂತು ಮಕ್ಕಳ ಆಟ ನೋಡುತ್ತಿದ್ದರು. ಮಗಳು ನಾಣ್ಯದಷ್ಟು ಅಗಲದ ಒಂದು ಸುರುಳಿ ತಂದು ಅಜ್ಜಿಯ ಕೈಯಲ್ಲಿಟ್ಟಳು. ಅಮ್ಮ ಕನ್ನಡಕ ಏರಿಸಿ, ತಿರುಗಿಸಿ ನೋಡಿ, "ಇದು ಸಾಲಿಗ್ರಾಮದೊಳಗಿನ ಚಕ್ರ ಅಲ್ವೇನೇ?" ಎಂದರು. ಹೌದು. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮದ ಚಕ್ರ ಇದೇ ಅಮೊನೈಟ್ ವಂಶದ್ದು. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಕಡಲಿನ ತಳದಲ್ಲಿ ಹೂತ ಜೀವಿ ಅದು, ಚಾರ್ಮತ್‌ನದು ಸುಮಾರು 19 ಕೋಟಿ ವರ್ಷ ಹಿಂದಿನ ಇನ್ನೊಂದು ಕಡಲಿನದು. ಆಮೇಲೆ ಅಮ್ಮ ಕುರ್ಚಿಯಲ್ಲಿ ಕೂರಲಿಲ್ಲ.

ನಿಮ್ಮ ಮಕ್ಕಳಿಗೆ ಏನೂ ಸಿಗದಿದ್ದರೆ ಬೇಸರ ಬೇಡ, ದೊಡ್ಡ ಸುಗ್ಗಿ ಚಳಿಗಾಲದ ಬಿರುಗಾಳಿಯ ನಂತರವೇ. ಕಾರಿನಲ್ಲೋ ಬಸ್ಸಿನಲ್ಲೋ ಲೈಮ್ ರೀಜಿಸ್‌ಗೆ ಹೋಗಿ. ಬೀಚಿನ ಮೇಲೆಯೇ ನಡೆದು ಹೋಗೋಣ ಎನ್ನಬೇಡಿ, ನೀರು ಏರಿದರೆ ನಡುವೆ ಹೊರದಾರಿ ಇಲ್ಲ. ಈ ಪೇಟೆಯ ಮೇರಿ ಆನಿಂಗ್ 1799ರಲ್ಲಿ ಬಡ ಬಡಗಿಯ ಮಗಳಾಗಿ ಹುಟ್ಟಿದವಳು. ಅಣ್ಣ ಜೋಸೆಫ್‌ಗೆ 1811ರಲ್ಲಿ ಒಂದು ತಲೆಬುರುಡೆ ಸಿಕ್ಕಿತು, ಮುಂದಿನ ವರ್ಷ ಅದರ ಉಳಿದ ಅಸ್ಥಿಪಂಜರ ಹುಡುಕಿದವಳು ಮೇರಿ. ಅದು ಇಕ್ತಿಯೋಸಾರ್ ಎಂಬ ಕಡಲ ಸರೀಸೃಪ. 1823ರಲ್ಲಿ ಪ್ಲೀಸಿಯೋಸಾರ್ ಎಂಬ ಉದ್ದ ಕತ್ತಿನ ಇನ್ನೊಂದು ಕಡಲ ಸರೀಸೃಪವನ್ನೂ ಪೂರ್ಣವಾಗಿ ಹೊರತೆಗೆದಳು. 1833ರಲ್ಲಿ ಗುಡ್ಡ ಕುಸಿದು ಅವಳ ನಾಯಿ ಟ್ರೇ ಪಕ್ಕದಲ್ಲೇ ಮಣ್ಣಾಯಿತು, ಅವಳು ಕೂದಲೆಳೆಯಲ್ಲಿ ಉಳಿದಳು. ಗುಡ್ಡದ ಬುಡಕ್ಕೆ ಓಡುವ ಮಕ್ಕಳಿಗೆ ನಾನು ಗದರುವುದಿಲ್ಲ, ಟ್ರೇಯ ಕಥೆ ಹೇಳುತ್ತೇನೆ. 2022ರಲ್ಲಿ ನಿಲ್ಲಿಸಿದ ಮೇರಿಯ ಪ್ರತಿಮೆಯ ಜೊತೆ ಆ ನಾಯಿಯೂ ಇದೆ. ಅವಳ ಮನೆಯಿದ್ದ ಜಾಗದಲ್ಲೇ ಈಗಿನ ಮ್ಯೂಸಿಯಂ.

ಮಕ್ಕಳು ತೀರಾ ಚಿಕ್ಕವರಾದರೆ

ವೇಮತ್. ಮೆತ್ತನೆಯ ಮರಳು, ಬಹುದೂರ ಆಳವಿಲ್ಲದ ನೀರು, ಕತ್ತೆ ಸವಾರಿ, ಬಂದರಿನ ಗೋಡೆಯಿಂದ ದಾರ ಇಳಿಬಿಟ್ಟು ಏಡಿ ಹಿಡಿಯುವ ಆಟ. ಏಡಿಗೆ ಕೊಕ್ಕೆ ಬೇಡ, ಬಲೆಚೀಲದಲ್ಲಿ ತಿನಿಸು ಕಟ್ಟಿದರೆ ಸಾಕು. ಬಕೆಟ್ಟಿಗೆ ಕಡಲ ನೀರನ್ನೇ ತುಂಬಿ ನೆರಳಲ್ಲಿಡಿ, ಹತ್ತು ನಿಮಿಷದಲ್ಲಿ ವಾಪಸ್ ಬಿಡಿ. ಮೂರನೇ ಜಾರ್ಜ್ ದೊರೆ 1789ರಲ್ಲಿ ಆರೋಗ್ಯಕ್ಕೆಂದು ಇಲ್ಲಿ ಸಮುದ್ರಸ್ನಾನ ಮಾಡಿದ್ದ. ದೊರೆ ನೀರಿನಲ್ಲಿ ಮುಳುಗು ಹಾಕುತ್ತಿದ್ದಂತೆ ಪಕ್ಕದಲ್ಲಿ ವಾದ್ಯದವರು ರಾಜಸ್ತುತಿ ನುಡಿಸಿದರಂತೆ. ಆಗಸ್ಟ್‌ನಲ್ಲೂ ನೀರು 17-18 ಡಿಗ್ರಿ, ನಮ್ಮ ಅರಬ್ಬಿ ಸಮುದ್ರಕ್ಕಿಂತ ಹತ್ತು ಡಿಗ್ರಿ ತಣ್ಣಗೆ. ವಾದ್ಯವಿಲ್ಲದೆ ಇಳಿಯುವುದು ಕಷ್ಟವೇ.

ನೀರಿಗಿಳಿಯುವ ನಿಯಮ ಸರಳ. ಜೀವರಕ್ಷಕರಿರುವ ಬೀಚಿನಲ್ಲಿ ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು. ಬರೀ ಕೆಂಪು ಬಾವುಟವಿದ್ದರೆ ಯಾರೂ ಇಳಿಯುವಂತಿಲ್ಲ. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ತುಂಬಿದ ಆಟಿಕೆ, ತೆಪ್ಪ ನೀರಿಗೆ ಹಾಕಬೇಡಿ, ಗಾಳಿ ಮಗುವನ್ನು ಸಮೇತ ಒಯ್ಯುತ್ತದೆ. ಅಪಾಯ ಕಂಡರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಎಲ್ಲರೂ ಕೇಳುವ ಡರ್ಡಲ್ ಡೋರ್ ಬಗ್ಗೆ ಒಂದು ಮಾತು. ಸುಣ್ಣಕಲ್ಲಿನ ಆ ಕಮಾನು ಚಂದವೇ. ಆದರೆ ಕಡಿದಾದ ಇಳಿಜಾರು, ಮೆಟ್ಟಿಲು, ಕಾಲಡಿ ಜಾರುವ ಕಲ್ಲು, ದಡದಲ್ಲೇ ಥಟ್ಟನೆ ಆಳ. ಮೊಣಕಾಲು ನೋವಿನ ಅಜ್ಜ, ಪ್ರಾಮಿನಲ್ಲಿರುವ ಕೂಸು ಇಬ್ಬರನ್ನೂ ಕಟ್ಟಿಕೊಂಡು ಹೋಗುವ ಜಾಗ ಅದಲ್ಲ. ಮೇಲಿನ ದಾರಿಯಿಂದ ಫೋಟೊ ತೆಗೆದು ಬನ್ನಿ. ಚೆಸಿಲ್ ಬೀಚಿನಲ್ಲೂ ಈಜುವುದು ಬೇಡ. 29 ಕಿಲೋಮೀಟರ್ ಉದ್ದದ ಆ ಕಲ್ಲಿನ ದಿಬ್ಬದಲ್ಲಿ ಪಶ್ಚಿಮದ ತುದಿಯ ಕಲ್ಲು ಬಟಾಣಿಯಷ್ಟು, ಪೂರ್ವದ ತುದಿಯದು ಆಲೂಗಡ್ಡೆಯಷ್ಟು. ಕತ್ತಲಲ್ಲಿ ದಡ ಸೇರಿದ ಮೀನುಗಾರರು ಕಲ್ಲು ಮುಟ್ಟಿಯೇ ಯಾವ ಊರೆಂದು ಹೇಳುತ್ತಿದ್ದರಂತೆ. ಇಲ್ಲಿಯ ಕಲ್ಲು ಜೇಬಿಗೆ ಹಾಕುವುದು ಕಾನೂನುಬಾಹಿರ, ಮಕ್ಕಳ ಜೇಬು ನೋಡಿಯೇ ಕಾರು ಹತ್ತಿಸಿ.

ರೈಲು, ಕೋಟೆ, ಅಳಿಲು

ಪೂರ್ವದ ದಿನಕ್ಕೆ ಕಾರನ್ನು ನಾರ್ಡನ್‌ನಲ್ಲಿ ನಿಲ್ಲಿಸಿ ಸ್ವಾನೇಜ್ ರೈಲು ಹತ್ತಿ. 1972ರಲ್ಲಿ ಮುಚ್ಚಿಹೋದ ಈ ಹಳಿಯನ್ನು ಸ್ವಯಂಸೇವಕರು ಮತ್ತೆ ಹಾಸಿ, 1995ರ ಹೊತ್ತಿಗೆ ಕೋರ್ಫ್‌ವರೆಗೆ ಉಗಿಬಂಡಿ ಓಡಿಸಿದರು. ಕೋರ್ಫ್ ಕೋಟೆಯನ್ನು ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, 1643ರಲ್ಲಿ, ರಾಜನ ಪಕ್ಷದ ಮೇರಿ ಬ್ಯಾಂಕ್ಸ್ ಎಂಬ ಗೃಹಿಣಿ ಬೆರಳೆಣಿಕೆಯ ಜನರೊಂದಿಗೆ ಉಳಿಸಿಕೊಂಡಿದ್ದಳು. ಚಿತ್ರದುರ್ಗದ ಓಬವ್ವನ ಕಥೆ ಗೊತ್ತಿರುವ ಮಕ್ಕಳಿಗೆ ಇವಳು ಕೂಡಲೇ ಹತ್ತಿರವಾಗುತ್ತಾಳೆ. 1646ರಲ್ಲಿ ಒಳಗಿನವನ ದ್ರೋಹದಿಂದ ಕೋಟೆ ಬಿತ್ತು, ಪಾರ್ಲಿಮೆಂಟಿನ ಸೈನ್ಯ ಮದ್ದಿಟ್ಟು ಒಡೆಯಿತು. ಆ ಕಲ್ಲುಗಳು ಊರಿನ ಮನೆಗಳ ಗೋಡೆಗೆ ಸೇರಿದವು. ವಾಲಿದ ಬುರುಜುಗಳು ಹಾಗೆಯೇ ನಿಂತಿವೆ.

ಇನ್ನೊಂದು ದಿನವಿದ್ದರೆ ಪೂಲ್‌ನಿಂದ ದೋಣಿಯಲ್ಲಿ ಬ್ರೌನ್‌ಸೀ ದ್ವೀಪ. 1907ರ ಆಗಸ್ಟ್‌ನಲ್ಲಿ ಬೇಡನ್-ಪೊವೆಲ್ ಸ್ಕೌಟಿನ ಮೊದಲ ಪ್ರಯೋಗದ ಶಿಬಿರ ನಡೆಸಿದ್ದು ಇಲ್ಲಿ. ದಕ್ಷಿಣ ಇಂಗ್ಲೆಂಡಿನಲ್ಲಿ ಬಹುತೇಕ ಕಣ್ಮರೆಯಾದ ಕೆಂಪು ಅಳಿಲು ಈ ದ್ವೀಪದಲ್ಲಿ ಉಳಿದಿದೆ. ದೋಣಿಗೂ ದ್ವೀಪಕ್ಕೂ ಟಿಕೆಟ್ ಬೇರೆ ಬೇರೆ.

ಮಳೆ ಹಿಡಿದರೆ

ಹಿಡಿಯುತ್ತದೆ. ಕಿಮ್ಮರಿಜ್ ಹಳ್ಳಿಯ ಎಚಸ್ ಕಲೆಕ್ಷನ್‌ಗೆ ಹೋಗಿ. ಸ್ಟೀವ್ ಎಚಸ್ ಎಂಬ ಪ್ಲಂಬರ್ ಜೀವಮಾನವೆಲ್ಲ ಹೆಕ್ಕಿ ತಂದ ಪಳೆಯುಳಿಕೆಗಳಿಗೆ 2016ರಲ್ಲಿ ಕಟ್ಟಿದ ಮ್ಯೂಸಿಯಂ ಅದು. ಪ್ಲಿಯೋಸಾರ್ ಎಂಬ ಬೇಟೆಗಾರ ಕಡಲ ಸರೀಸೃಪದ ಎರಡು ಮೀಟರ್ ಉದ್ದದ ತಲೆಬುರುಡೆಯ ಮುಂದೆ ನಮ್ಮ ಮನೆಯ ಬಾಯಿಬಡುಕನೂ ಸುಮ್ಮನಾಗಿದ್ದಾನೆ.

ಮನೆಗೆ ಬಂದ ಮೇಲೆ

ಬೀಚಿನಿಂದ ತಂದ ಅಮೊನೈಟನ್ನು ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ, ಪೂರ್ತಿ ಒಣಗಿಸಿ. ಬಂಗಾರದ ಬಣ್ಣದ್ದೆಲ್ಲ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ. ತೇವ ತಾಗಿದರೆ ಬಿಳಿ ಹುಡಿಯೆದ್ದು ಪುಡಿಪುಡಿಯಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ.

ಉಡುಪಿಯ ಮಳೆಗಾಲಕ್ಕೆ ಇದು ಉಳಿಯುವುದಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅವರು ತಮ್ಮ ಮಾತ್ರೆಯ ಡಬ್ಬಿ ಖಾಲಿ ಮಾಡಿ ಅದರಲ್ಲಿ ಕಲ್ಲಿಟ್ಟು ಸೂಟ್‌ಕೇಸಿಗೆ ಹಾಕಿಕೊಂಡರು. ದೇವರ ಮನೆಯಲ್ಲಿಡುತ್ತೀರಾ ಎಂದು ಮಗಳು ಕೇಳಿದಳು. "ಗಂಡಕಿಯದ್ದಲ್ಲ ಅಲ್ವಾ, ಪೂಜೆಗೆ ಬರೋದಿಲ್ಲ," ಎಂದರು ಅಮ್ಮ. "ಅಡಿಗೆಮನೆ ಕಪಾಟಿನಲ್ಲಿ ಇಡ್ತೀನಿ, ಅಕ್ಕಿ ಡಬ್ಬದ ಪಕ್ಕ. ಅಲ್ಲಿ ಒಣಗಿರುತ್ತೆ."