ಕುಬಸಕ್ಕೆ ಮೊದಲೇ ಕೇಳಬೇಕು: ಹೆರಿಗೆ ವಾರ್ಡಿನಿಂದ ನನ್ನ ಅನುಭವ

"ಹೆರಿಗೆ ಆದ ತಕ್ಷಣ ಕಾಪರ್ ಟಿ ಹಾಕಿಸಿಕೊಂಡು, ಇಟ್ಟುಕೊಂಡು, ಮತ್ತೆ ತೋರಿಸೋಕೂ ಬರ್ತಾರಾ? ನಮ್ಮ ಕಡೆ ಇದು ಆಗೋ ಮಾತಲ್ಲ ಸಿಸ್ಟರ್." ನಾಲ್ಕು ವರ್ಷದ ಹಿಂದೆ ಒಂದು ಮೀಟಿಂಗಿನಲ್ಲಿ ಎಲ್ಲರ ಮುಂದೆ ನನಗೆ ಹೀಗೆ ಹೇಳಿದ್ದರು. ಕಾಪರ್ ಟಿ ಅಂದರೆ ಮುಂದಿನ ಬಸುರು ತಡೆಯೋಕೆ ಗರ್ಭಚೀಲದೊಳಗೆ ಇಡುವ ಸಣ್ಣ ಸಾಧನ. ಈಗ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ರಾಯಚೂರು-ಕೊಪ್ಪಳ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್. ತಿಂಗಳಿಗೆ ನೂರೈವತ್ತು ಹೆರಿಗೆ ಆಗುತ್ತವೆ, ಹೆಚ್ಚು ಕಡಿಮೆ. ಓದುವವರು ನನ್ನ ಹಾಗೇ ಲೇಬರ್ ರೂಮಿನವರು, ಎಎನ್ಎಂ (ಹಳ್ಳಿಯ ಆರೋಗ್ಯ ಸಹಾಯಕಿ), ಆಶಾ ಅಂದುಕೊಂಡಿದ್ದೇನೆ. ಹತ್ತು ನಿಮಿಷದೊಳಗೆ ಹಾಕೋದು, 48 ಗಂಟೆಯೊಳಗೆ ಹಾಕೋದು, ಯಾರಿಗೆ ಹಾಕಬಾರದು, ಇದೆಲ್ಲಾ ಟ್ರೈನಿಂಗಿನಲ್ಲಿ ಆಗಿರುತ್ತೆ. ಅದನ್ನ ಮತ್ತೆ ಹೇಳಲ್ಲ.

ಮೊದಲು ಸೋತದ್ದು ಹೇಳುತ್ತೇನೆ. ಶುರುವಿನಲ್ಲಿ ನಮಗೆ ಟಾರ್ಗೆಟ್ ಒಂದೇ ಕಾಣುತ್ತಿತ್ತು. ನೋವು ತಿನ್ನುತ್ತಾ ಮಲಗಿದವಳ ಹತ್ತಿರ ಹೋಗಿ "ಕಾಪರ್ ಟಿ ಹಾಕೋಣೇನವ್ವಾ" ಅಂತ ಕೇಳುತ್ತಿದ್ದೆವು. ಆ ಹೊತ್ತಿನಲ್ಲಿ ಅವಳು ಏನು ಕೇಳಿದರೂ ಹೂಂ ಅಂತಾಳೆ. ಹಾಗೆ ಹೂಂ ಅಂದ ಒಬ್ಬಳು, ಚೊಚ್ಚಲ ಹೆರಿಗೆ, ಇಪ್ಪತ್ತು ವರ್ಷ ಇರಬೇಕು, ಎರಡು ತಿಂಗಳಿಗೆ ಗಂಡನ ಜೊತೆ ಬಂದಳು. ಗಂಡ ಬಾಗಿಲಲ್ಲೇ ನಿಂತು ಕೂಗಾಡಿದ. ಅವಳು ಕೂಗಲಿಲ್ಲ. "ನನ್ನ ಕೇಳಿದ್ದು ನನಗ ನೆಪ್ಪಿಲ್ರಿ ಅಕ್ಕಾರ" ಅಂದಳು ಅಷ್ಟೆ. ಅವತ್ತೇ ತೆಗೆದು ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಅವಳ ಸಹಿ ನನ್ನ ಫೈಲಿನಲ್ಲಿತ್ತು ನಿಜ, ಆದರೆ ಅದು ಒಪ್ಪಿಗೆ ಅಲ್ಲವಲ್ಲ. ಅವತ್ತಿನಿಂದ ನೋವಿನಲ್ಲಿ ಇರುವವರನ್ನ ಮೊದಲ ಸಲ ಕೇಳುವುದನ್ನ ನಿಲ್ಲಿಸಿದೆ. ಮೊದಲೇ ಮಾತಾಗಿದ್ದರೆ ಮಾತ್ರ "ಆಗ ಹೇಳಿದ್ದೆಯಲ್ಲ, ಈಗಲೂ ಹೌದಾ, ಬೇಡ ಅಂದರೂ ನಡೀತದೆ" ಅಂತ ಇನ್ನೊಮ್ಮೆ ಕೇಳುತ್ತೇನೆ. ನಮ್ಮ ತಿಂಗಳ ಲೆಕ್ಕ ಒಮ್ಮೆಗೇ ಬಿದ್ದುಹೋಯಿತು. ಮೇಲಿನವರಿಂದ ಮಾತು ಕೇಳಬೇಕಾಯಿತು. ಕೇಳಿದೆ.

ಎರಡನೇ ಸೋಲು, ಹಾಕಿದ್ದು ಬಿದ್ದು ಹೋಗುವುದು. ಮೊದಲ ಇಪ್ಪತ್ತೆರಡು ಕೇಸಿನಲ್ಲಿ ಐದೋ ಆರೋ ಬಿದ್ದವು. ಹೆರಿಗೆಯ ಹಿಂದೆಯೇ ಹಾಕಿದ್ದು ಬೀಳುವುದು ಸ್ವಲ್ಪ ಜಾಸ್ತಿಯೇ, ಆದರೆ ಇಷ್ಟಲ್ಲ. ಕಾರಣ ಹುಡುಕಿದರೆ ಸಿಕ್ಕಿದ್ದು ಬೀರು! ಕಾಪರ್ ಟಿ ಒಳಗೆ ಇಡುವ ಉದ್ದನೆಯ ಇಕ್ಕಳ, ಕೆಲ್ಲಿ ಫೋರ್ಸೆಪ್ಸ್, ಆಪರೇಷನ್ ಥಿಯೇಟರಿನ ಬೀರುವಿನಲ್ಲಿ ಬೀಗದೊಳಗೆ ಇತ್ತು, ಬೀಗದ ಕೈ ಹಗಲು ಡ್ಯೂಟಿಯವರ ಹತ್ತಿರ. ರಾತ್ರಿ ಹೆರಿಗೆ ಆದವರಿಗೆ ನಾವು ಸ್ಪಂಜ್ ಹೋಲ್ಡರಿನಲ್ಲಿ ಹಾಕುತ್ತಿದ್ದೆವು. ಅದು ಫಂಡಸ್, ಅಂದರೆ ಗರ್ಭಚೀಲದ ಮೇಲ್ತುದಿ, ಮುಟ್ಟಲ್ಲ, ಗಿಡ್ಡ. ಎರಡು ಸೆಟ್ಟು ಲೇಬರ್ ರೂಮಿನ ಟ್ರೇಯಲ್ಲೇ ಇರಬೇಕು ಅಂತ ಜಗಳ ಮಾಡಿ ಬರೆಸಿಕೊಂಡೆ. ಎಡಗೈ ಹೊಟ್ಟೆ ಮೇಲಿಟ್ಟು, ತುದಿ ಅಂಗೈಗೆ ತಾಗೋವರೆಗೂ ಬಿಡುವುದಿಲ್ಲ ಅಂತ ಹಟ ಹಿಡಿದೆವು. ಫೋರ್ಸೆಪ್ಸ್ ಹೊರಗೆ ತರುವಾಗಿನ ಒಂದು ಸಣ್ಣ ಕೈಚಳಕ ಇದೆ. ಅದು ಬರೆದರೆ ತಿಳಿಯಲ್ಲ, ಕೈ ಹಿಡಿದೇ ತೋರಿಸಬೇಕು, ಬಂದವರಿಗೆ ತೋರಿಸಿದ್ದೇನೆ. ಈಗ ನೂರಕ್ಕೆ ಐದಾರು ಬೀಳಬಹುದು.

ಇನ್ನು ನಿಜವಾದ ಕಷ್ಟಕ್ಕೆ ಬರುತ್ತೇನೆ. ನಮ್ಮ ಕಡೆ ಕುಬಸ ಮಾಡಿ ಬಸುರಿಯನ್ನ ತವರಿಗೆ ಕರೆದುಕೊಂಡು ಹೋಗುತ್ತಾರೆ ಅಲ್ವಾ. ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನ ಎಎನ್ಎಂ, ಹೆರಿಗೆ ತವರಿನ ತಾಲ್ಲೂಕಿನಲ್ಲಿ, ಬಾಣಂತನ ತವರಿನಲ್ಲಿ, ಐದನೇ ತಿಂಗಳಿಗೆ ವಾಪಸ್ ಗಂಡನ ಮನೆ. ಆ ಊರಿನ ಆಶಾ "ಅವಳು ಇಲ್ಲಿಲ್ಲ" ಅಂತಾಳೆ, ಈ ಊರಿನ ಆಶಾ "ಅವಳು ನಮ್ಮ ಊರಿನವಳಲ್ಲ" ಅಂತಾಳೆ. ಇಬ್ಬರದೂ ತಪ್ಪಲ್ಲ. ಹೆರಿಗೆ ವಾರ್ಡಿನಲ್ಲಿ ನಾವು ಕೇಳುವಾಗ ಜೊತೆಗೆ ಇರುವುದು ತಾಯಿ. ಅವಳು "ಬೀಗರನ್ನ ಕೇಳದೆ ನಾ ಹೆಂಗ ಹೇಳ್ಲಿ" ಅಂತ ಸುಮ್ಮನಾಗುತ್ತಾಳೆ. ಅತ್ತೆ ಇಪ್ಪತ್ತು ಮೈಲಿ ಆಚೆ. ಗಂಡ ಬೆಂಗಳೂರಿನಲ್ಲೋ ಗೋವಾದಲ್ಲೋ ದುಡಿಯೋಕೆ ಹೋಗಿರುತ್ತಾನೆ. ಯಾರೂ ಬೇಡ ಅನ್ನುವುದಿಲ್ಲ, ಆದರೆ ಹೂಂ ಅನ್ನುವವರೂ ಇಲ್ಲ. ಐದನೇ ತಿಂಗಳಿಗೆ ವಾಪಸ್ ಹೋಗುತ್ತಾಳೆ, ಯುಗಾದಿಗೋ ಪಂಚಮಿಗೋ ಗಂಡ ಬರುತ್ತಾನೆ, ಕೂಸಿಗೆ ವರ್ಷ ತುಂಬೋಕೆ ಮೊದಲೇ ಮತ್ತೆ ಬಸುರಿ. ಎರಡು ವರ್ಷ ಬಿಡಬೇಕು ಅಂತ ಹೇಳೋದು ನಾವು, ಹಿಮೋಗ್ಲೋಬಿನ್ ಏಳಕ್ಕೆ ಇಳಿದು ಎರಡನೇ ಹೆರಿಗೆಗೆ ಬರೋದು ಅವಳು.

ಹಾಗಾಗಿ ಕೇಳುವ ಜಾಗ ಬದಲಿಸಿದೆ. ಐದು-ಆರನೇ ತಿಂಗಳಲ್ಲಿ, ಕುಬಸಕ್ಕೆ ಮೊದಲು, ಪ್ರತಿ ತಿಂಗಳ 9ನೇ ತಾರೀಖು ಬಸುರಿಯರ ತಪಾಸಣೆ ನಡೆಯುವ ಮಾತೃತ್ವ ಅಭಿಯಾನದ ದಿನ. ಅವತ್ತು ಅತ್ತೆಯೇ ಜೊತೆಗೆ ಬಂದಿರುತ್ತಾಳೆ. ಮೊದಲು ಹುಡುಗಿಯ ಜೊತೆ ಒಬ್ಬಳನ್ನೇ ಕೂರಿಸಿ ಮಾತು, ಆಮೇಲೆ ಅವಳು ಸರಿ ಅಂದರೆ ಅತ್ತೆಯ ಜೊತೆ. ಅತ್ತೆಯರ ಜೊತೆ ಮಾತು ಶುರು ಮಾಡೋಕೆ ನನ್ನದೊಂದು ಪ್ರಶ್ನೆ ಇದೆ, ಅದನ್ನ ಮಾತ್ರ ಇಲ್ಲಿ ಬರೆಯಲ್ಲ. ಅದು ಎಲ್ಲರ ಬಾಯಲ್ಲೂ ಬಂದರೆ ಸಪ್ಪೆಯಾಗಿಬಿಡುತ್ತೆ.

ಚಂಚಿ ವಿಷಯ ಹೇಳುತ್ತೇನೆ. ಒಬ್ಬ ಅಜ್ಜಿ ಮೊದಲಿನಿಂದ ತಲೆ ಆಡಿಸುತ್ತಾ ಕೂತಿದ್ದಳು. "ಅದು ಮ್ಯಾಲೇರಿ ಎದಿಗೆ ಹೊಕ್ಕತಿ, ನಮ್ಮ ಓಣ್ಯಾಗ ಒಬ್ಬಾಕಿಗೆ ಹೊಕ್ಕಿತ್ತು" ಅಂದಳು. ಗೋಡೆ ಮೇಲಿನ ಚಿತ್ರ ತೋರಿಸಿದೆ, ನಂಬಲಿಲ್ಲ. ಅವಳ ಸೊಂಟದಲ್ಲಿ ಎಲೆ ಅಡಿಕೆ ಚಂಚಿ ಇತ್ತು. "ಅಜ್ಜಿ, ಒಂಚೂರು ಕೊಡು" ಅಂತ ಇಸಿದುಕೊಂಡು, ಖಾಲಿ ಮಾಡಿ, ತಲೆಕೆಳಗೆ ಹಿಡಿದು, ದಾರದ ಬಾಯಿಂದ ಕಾಪರ್ ಟಿ ಒಳಗೆ ಬಿಟ್ಟೆ. ಹೆರಿಗೆ ಆದಾಗ ಗರ್ಭಚೀಲ ಹೀಗೆ ದೊಡ್ಡದಿರುತ್ತೆ, ಕಾಪರ್ ಟಿಯ ದಾರ ಒಳಗೇ ಉಳಿಯುತ್ತೆ. ದಿನ ಹೋದಂತೆ ಚೀಲ ಕುಗ್ಗುತ್ತೆ, ಆಗ ದಾರ ಕೆಳಗೆ ಬರುತ್ತೆ. ಹಾಗೆ ಹೇಳುತ್ತಾ ಮುಷ್ಟಿಯಲ್ಲಿ ಚಂಚಿ ಹಿಂಡಿದೆ. ದಾರದ ತುದಿ ಹೊರಗೆ ಬಂತು. ಅಜ್ಜಿ ಚಂಚಿ ತಗೊಂಡು ಮೇಲಿನ ಹೊಲಿಗೆಯನ್ನ ಉಗುರಿನಿಂದ ಎಳೆದು ನೋಡಿದಳು. "ಇಲ್ಲಿ ತೂತಿಲ್ಲ ಹಂಗಾರ" ಅಂದಳು. ಅಷ್ಟೇ ಸಾಕಾಯಿತು. ಮಾರನೇ ವಾರ ಗುಳೇದಗುಡ್ಡ ಖಣದ ತುಂಡಿನಲ್ಲಿ ಐದು ಚಂಚಿ ಹೊಲಿಸಿದೆ, ಒಂದಕ್ಕೆ ನಲವತ್ತೋ ಐವತ್ತೋ ಕೊಟ್ಟೆ. ಈಗ ನಮ್ಮ ಆಶಾಗಳ ಚೀಲದಲ್ಲೆಲ್ಲಾ ಒಂದೊಂದು ಇದೆ.

ಇದರಿಂದ ಇನ್ನೊಂದು ಲಾಭ ಆಯಿತು. ಆರು ವಾರಕ್ಕೆ ದಾರ ಕಾಣಲಿಲ್ಲ ಅಂತ ಗಾಬರಿ ಬೀಳುವುದು ನಿಂತಿತು. ಮೊದಲು ದಾರ ಕಾಣದಿದ್ದರೆ ನೇರ ಪಟ್ಟಣದ ಖಾಸಗಿ ಸ್ಕ್ಯಾನಿಂಗಿಗೆ ಓಡುತ್ತಿದ್ದರು, ಎಂಟುನೂರು ಸಾವಿರ ಖರ್ಚು, ಬಸ್ಸಿನ ದುಡ್ಡು ಬೇರೆ. ಸ್ಕ್ಯಾನ್ ಬೇಕಾದವರಿಗೆ ನಾವೇ ಬರೆದು ಕೊಡುತ್ತೇವೆ.

ಕುಬಸಕ್ಕೆ ಮೊದಲು ಒಪ್ಪಿದ್ದು ಹೆರಿಗೆ ಮಾಡಿಸುವವರಿಗೆ ತಿಳಿಯಬೇಕಲ್ಲ? ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದರೆ ಮನೆಯವರೆಲ್ಲಾ ಓದುತ್ತಾರೆ. ಅದಕ್ಕೆ ಹಣೆಗೆ ಹಚ್ಚುವ ಸ್ಟಿಕ್ಕರ್ ಕುಂಕುಮ ತಂದೆ, ಹತ್ತು ರೂಪಾಯಿ ಪ್ಯಾಕೆಟ್. ಕಾರ್ಡಿನ ಒಳಪುಟದ ಮೂಲೆಯಲ್ಲಿ ಒಂದು ಅಂಟಿಸುತ್ತೇವೆ. ಕಾಪರ್ ಟಿಗೆ ಒಂದು ಬಣ್ಣ, ಬಸುರು ತಡೆಯುವ ಛಾಯಾ ಮಾತ್ರೆಗೆ ಒಂದು, ಅದಕ್ಕೇ ಇರುವ ಅಂತರಾ ಸೂಜಿಗೆ ಒಂದು, ಇನ್ನೂ ಯೋಚನೆ ಮಾಡುತ್ತೇನೆ ಅಂದವರಿಗೆ ಒಂದು. ಯಾವುದಕ್ಕೆ ಯಾವ ಬಣ್ಣ ಅನ್ನೋದು ಸುತ್ತಲಿನ ನಾಲ್ಕೈದು ಆಸ್ಪತ್ರೆಯ ಸಿಸ್ಟರ್‌ಗಳಿಗೆ ಮಾತ್ರ ಗೊತ್ತು. ನೀವು ಮಾಡುವುದಾದರೆ ನಿಮ್ಮ ಬಣ್ಣ ನೀವೇ ಮಾಡಿಕೊಳ್ಳಿ.

ಜೊತೆಗೆ ಒಂದು ಉದ್ದ ನೋಟ್‌ಬುಕ್. ಒಂದೊಂದು ಹೆಸರಿಗೆ ಮೂರು ಫೋನ್ ನಂಬರ್: ತವರಿನದು, ಗಂಡನ ಮನೆಯದು, ಎರಡೂ ಊರಿನ ಆಶಾಗಳಲ್ಲಿ ಯಾರು ಫೋನ್ ಎತ್ತುತ್ತಾರೋ ಅವರದು. ಹೆರಿಗೆ ಆದ ದಿನವೇ ಒಂದು ಆಶಾ ಇನ್ನೊಂದು ಆಶಾಗೆ ಫೋನ್ ಮಾಡುತ್ತಾಳೆ. ಮೊದಮೊದಲು ಮಾಡಲಿಲ್ಲ. ಕಾಪರ್ ಟಿ ಕೇಸಿಗೆ ಆಶಾಗೆ 150 ರೂಪಾಯಿ ಸಿಗುತ್ತದಲ್ಲ, ಅದು ಯಾರಿಗೆ ಅನ್ನುವ ಜಗಳ. ಇಬ್ಬರನ್ನೂ ಕೂರಿಸಿದೆ, ಕೇಸು ತಂದವಳಿಗೆ ಆ ದುಡ್ಡು, ನೋಡಿಕೊಂಡವಳಿಗೆ ಮುಂದಿನ ಕೇಸು ಅಂತ ಅವರೇ ಒಪ್ಪಂದ ಮಾಡಿಕೊಂಡರು. ತಾಯಿಗೆ ಬರಬೇಕಾದ 300 ರೂಪಾಯಿ ತಡ ಆಗುತ್ತಿತ್ತು, ಏಳೆಂಟು ತಿಂಗಳು. ಹಾಗಾಗಿ ದುಡ್ಡಿನ ಮಾತನ್ನ ನಾನು ಮೊದಲು ಎತ್ತುವುದೇ ಇಲ್ಲ. ದುಡ್ಡು ಹೇಳಿ ಹಾಕಿಸಿದರೆ, ದುಡ್ಡು ಬರದಿದ್ದಾಗ ತೆಗೆಸೋಕೆ ಬರುತ್ತಾರೆ.

ನನ್ನ ಕೈಯಿಂದ ಮೊದಲ ವರ್ಷ ಆರೇಳು ಸಾವಿರ ಹೋಗಿರಬೇಕು. ರಿಚಾರ್ಜು, ನೋಟ್‌ಬುಕ್, ಚಂಚಿ, ಆಶಾಗಳಿಗೆ ಚಹಾ-ಮಂಡಕ್ಕಿ. ಆಮೇಲೆ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸ್ವಲ್ಪ ಕೊಡಿಸಿದರು.

ವಾಪಸ್ ತೋರಿಸೋಕೆ ಬರೋದು ಹೇಗೆ ಸರಿ ಆಯಿತು ಅಂದರೆ, ಕೂಸಿನಿಂದ. ಬಾಣಂತಿ ತನಗೋಸ್ಕರ ಮನೆ ಬಿಟ್ಟು ಬರಲ್ಲ. ತಲೆಗೆ ಕಿವಿಗೆ ಬಟ್ಟೆ ಕಟ್ಟಿ, ಕಾಲಿಗೆ ಸಾಕ್ಸ್ ಹಾಕಿ, ಅಗ್ಗಿಷ್ಟಿಕೆ ಪಕ್ಕ ಕೂರಿಸಿರುತ್ತಾರೆ. ಆದರೆ ಕೂಸಿನ ಒಂದೂವರೆ ತಿಂಗಳ ಚುಚ್ಚುಮದ್ದು ತಪ್ಪಿಸಲ್ಲ. ಅದೇ ದಿನ ಕೂಸಿಗೆ ಸೂಜಿ, ಪಕ್ಕದ ಪರದೆ ಹಿಂದೆ ತಾಯಿಗೆ ಬಿಪಿ, ಹಿಮೋಗ್ಲೋಬಿನ್, ಹೊಲಿಗೆ, ದಾರ. ಹಾಗೆ ಸಿಕ್ಕಿದವಳೊಬ್ಬಳಿಗೆ ಹಿಮೋಗ್ಲೋಬಿನ್ ಆರು ಚಿಲ್ಲರೆ ಇತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮನೆಯಲ್ಲಿ "ಹಸಿ ಬಾಣಂತಿ, ಹಂಗ ಇರ್ತೈತಿ" ಅಂದುಕೊಂಡಿದ್ದರು. ಅವತ್ತೇ ಅಡ್ಮಿಟ್ ಮಾಡಿಸಿದೆವು. ಕಾಪರ್ ಟಿ ಕೆಲಸ ಅಂತ ಶುರು ಮಾಡಿದ್ದರಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇದು. ಬಾಣಂತಿಗೆ ಕುಡಿಯೋಕೆ ನೀರು ಕಡಿಮೆ ಕೊಡುವುದರ ಬಗ್ಗೆ ಮಾತ್ರ ಅವರ ತಾಯಂದಿರ ಜೊತೆ ನಿಷ್ಠುರವಾಗಿ ಮಾತಾಡುತ್ತೇನೆ. ಅಂಟಿನ ಉಂಡಿ, ಸಬ್ಬಸಿಗೆ ಪಲ್ಯಕ್ಕೆ ನನ್ನದೇನೂ ತಕರಾರಿಲ್ಲ.

ಛಾಯಾ ಮಾತ್ರೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಎಲ್ಲರೂ ಮರೆಯುತ್ತಿದ್ದರು. ಮಂಗಳವಾರ ಶುರು ಮಾಡಿಸಿದರೆ ಮಂಗಳವಾರ-ಶುಕ್ರವಾರ ಬರುತ್ತೆ. ದೇವಿ ವಾರ, ತಲೆ ಮೇಲೆ ನೀರು ಹಾಕಿಕೊಳ್ಳುವ ವಾರ, ಯಾರು ಮರೆಯುತ್ತಾರೆ? ಮಾತ್ರೆಯನ್ನ ಕುಂಕುಮದ ಭರಣಿ ಪಕ್ಕ ಇಡಿ ಅಂತ ಹೇಳಿದೆ. ಮುಟ್ಟು ತಡ ಆದರೆ ಹೆದರಬೇಡಿ, ತೋರಿಸಿ ಅಂತಲೂ. ಇಪ್ಪತ್ತು ಜನರಲ್ಲಿ ಹದಿನಾಲ್ಕು ಹದಿನೈದು ಜನ ಆರು ತಿಂಗಳು ಬಿಡದೆ ತಗೊಂಡರು.

ಗಂಡಸರಿಗೆ ಅಂತ ಕಟಿಂಗ್ ಶಾಪಿನಲ್ಲಿ ನಿರೋಧ್ ಡಬ್ಬಿ ಇಡಿಸಿದ್ದೆ. ಹೊರಗೆ ಇಟ್ಟಾಗ ಎರಡು ದಿನಕ್ಕೆ ಖಾಲಿ, ಹುಡುಗರು ಪುಗ್ಗಿ ಮಾಡಿಕೊಂಡಿದ್ದರು. ಕನ್ನಡಿ ಕೆಳಗಿನ ಖಾನೆಯಲ್ಲಿ ಇಡಿಸಿದ ಮೇಲೆ ನಿಧಾನಕ್ಕೆ ಹೋಗುತ್ತಿದೆ, ಯಾರು ಒಯ್ಯುತ್ತಾರೋ ಕೇಳುವುದಿಲ್ಲ.

ಲೆಕ್ಕ ಕೇಳುವವರಿಗೆ: ಮೊದಲು ತಿಂಗಳಿಗೆ ಮೂರು ನಾಲ್ಕು ಕಾಪರ್ ಟಿ, ಈಗ ಮೂವತ್ತೈದರ ಮೇಲೆ. ವಾಪಸ್ ಬರುತ್ತಿದ್ದವರು ಹತ್ತಕ್ಕೆ ಇಬ್ಬರು, ಈಗ ಏಳೆಂಟು. ಇದನ್ನ ಹೇಳೋಕೆ ನನಗೆ ಹೆಮ್ಮೆಯೇ. ಆಗೋ ಮಾತಲ್ಲ ಅಂದವರೇ ಕಳೆದ ವರ್ಷ ಬೇರೆ ತಾಲ್ಲೂಕಿನ ಸಿಸ್ಟರ್‌ಗಳನ್ನ ನಮ್ಮಲ್ಲಿ ನೋಡಿ ಬರೋಕೆ ಕಳಿಸಿದರು.

ಕೈಗೆ ಸಿಗದವರು ಇನ್ನೂ ಇದ್ದಾರೆ. ಕೂಸು ಮೂರು ತಿಂಗಳಿದ್ದಾಗಲೇ ಗಂಡನ ಜೊತೆ ಕಟ್ಟಡ ಕೆಲಸಕ್ಕೆ ಹೊರಟುಬಿಡುವವರು. ಅವರ ಫೋನ್ ನಂಬರ್ ವರ್ಷಕ್ಕೆ ಎರಡು ಸಲ ಬದಲಾಗುತ್ತೆ. ಈಗ ಅವಳನ್ನ ಕೇಳಿಯೇ ಅವರ ಮೇಸ್ತ್ರಿಯ ನಂಬರ್ ಬರೆದುಕೊಳ್ಳುತ್ತಿದ್ದೇವೆ. ಅವನಿಗೆ ಕೂಸಿನ ಸೂಜಿ ವಿಷಯ ಮಾತಾಡಬೇಕು ಅಂತ ಮಾತ್ರ ಹೇಳುತ್ತೇವೆ, ಬೇರೇನೂ ಇಲ್ಲ. ಶುರು ಮಾಡಿ ಎರಡು ತಿಂಗಳಾಯಿತು, ಹನ್ನೊಂದು ಜನರಲ್ಲಿ ನಾಲ್ವರು ಮಾತಿಗೆ ಸಿಕ್ಕಿದ್ದಾರೆ.